ಕಾಗುಣಿತ ಹಾಡಿದ ರಂಗ

ರೊಸ್ಸೀನಿಯ ‘ಸೆವಿಲ್‌ನ ಕ್ಷೌರಿಕ’ ಎಂಬ ಹಾಸ್ಯ ಗೀತನಾಟಕವು 1816ರಲ್ಲಿ ರೋಮ್ ನಗರದಲ್ಲಿ ಮೊದಲು ರಂಗವನ್ನೇರಿತು. ಅದರಲ್ಲಿ ಫಿಗಾರೋ ಎಂಬ ಕ್ಷೌರಿಕನು ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತ, ಊರಿಗೆಲ್ಲ ಬೇಕಾದವನು ತಾನೇ ಎಂದು ಜಂಬ ಕೊಚ್ಚಿಕೊಳ್ಳುತ್ತಾನೆ. ಇಟಲಿಯ ಭಾಷೆಯ ಗಂಧವಿಲ್ಲದ ನನ್ನ ಮೊಮ್ಮಗನಿಗೂ ಆ ಹಾಡು ಪರಿಚಿತ. 1964ರ ‘ಟಾಮ್ ಅಂಡ್ ಜೆರ್ರಿ’ ಚಿತ್ರವೊಂದರಲ್ಲಿ ಬೆಕ್ಕು ಅದನ್ನು ಹಾಡುತ್ತದೆ!

ನಮ್ಮಲ್ಲಿಯೂ ಅಂಥವನೊಬ್ಬನಿದ್ದಾನೆ. ಟಿ.ಪಿ. ಕೈಲಾಸಂ ಅವರ ‘ಕೋಳೀಕೆ ರಂಗ’. ಲಂಡನ್ನಿಗೆ ಭೂವಿಜ್ಞಾನ ಕಲಿಯಲು ಹೋದ ಕೈಲಾಸಂ ಅಲ್ಲಿನ ನಾಟಕಶಾಲೆಗಳ ಗುಂಗನ್ನೂ ಹೊತ್ತು ತಂದರು. 1912ರ ‘ಟಿಪ್ಪರರಿ’ ಹಾಡು ಅವರ ಕೈಯಲ್ಲಿ ‘ತಿಪ್ಪಾರಳ್ಳಿ’ಯಾಯಿತು. ‘ಕಾನ್‌ಸ್ಟಾಂಟಿನೋಪಲ್’ ಎಂಬ ಊರಿನ ಹೆಸರನ್ನು ಅಕ್ಷರ ಬಿಡಿಸಿ ಹಾಡುವ ಇಂಗ್ಲಿಷ್ ಗೀತೆಯ ಧಾಟಿಯಲ್ಲಿ ರಂಗ ಹುಟ್ಟಿದ.

ಇದನ್ನು ಅನುವಾದವೆಂದು ಯಾರಾದರೂ ಕರೆದರೆ ನಾನು ಒಪ್ಪಲಾರೆ. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಒಂದೊಂದಾಗಿ ಹೇಳಿದರೆ ಸಾಕು. ಕನ್ನಡದಲ್ಲಿ ‘ಕೋ’ ಎಂಬುದು ಒಂದೇ ಅಕ್ಷರ. ಬಿಡಿಸಬೇಕಾದರೆ ಓತ್ವ, ದೀರ್ಘಗಳ ಮೊರೆಹೋಗಬೇಕು. ಕೈಲಾಸಂ ನೆಚ್ಚಿಕೊಂಡದ್ದು ನಮ್ಮ ಒಂದನೆಯ ತರಗತಿಯ ಕಾಗುಣಿತವನ್ನು. ಮಗ್ಗಿಯಂತೆ ಉರುಹೊಡೆದುದನ್ನೇ ಓಟದ ತಾಳಕ್ಕೆ ಕೂರಿಸಿದರೆ ಯಾರಿಗೆ ತಾನೆ ನಗು ಬಾರದು? 1930ರಲ್ಲಿ ತುರ್ಕಿ ಸರ್ಕಾರ ಆ ಊರನ್ನು ಇಸ್ತಾಂಬುಲ್ ಎಂದೇ ಕರೆಯಬೇಕೆಂದಿತು. ಆ ಹಳೆಯ ಗೀತೆಯನ್ನು ಈಗ ಬಲ್ಲವರು ವಿರಳ. ರಂಗ ಮಾತ್ರ ಶಾಲೆಯ ವಾರ್ಷಿಕೋತ್ಸವಗಳಲ್ಲಿ, ಸುಗಮ ಸಂಗೀತದ ವೇದಿಕೆಗಳಲ್ಲಿ ಉಳಿದುಕೊಂಡ. 2009ರಲ್ಲಿ ಅಕಾಲದಲ್ಲಿ ಅಗಲಿದ ರಾಜು ಅನಂತಸ್ವಾಮಿಯವರು ಹಾಡುತ್ತಿದ್ದುದನ್ನು ಕೇಳಿದವರು ಮರೆಯಲಾರರು.

ಉದಯಗಿರಿಯಲ್ಲಿ ನನ್ನ ತರಗತಿಯ ಅರ್ಧದಷ್ಟು ಮಕ್ಕಳ ಮನೆಮಾತು ಉರ್ದು. ಉಳಿದವರಲ್ಲಿ ಕೆಲವರು ಹಳ್ಳಿಯಿಂದ ಬಂದವರು. (ನಿಮ್ಮಲ್ಲಿ ಕೆಲವರು ಈಗ ಮುಗುಳ್ನಗುತ್ತಿರಬಹುದು.) ಒಮ್ಮೆ ವಾರ್ಷಿಕೋತ್ಸವಕ್ಕೆ ಈ ಹಾಡನ್ನು ಆರಿಸಿದಾಗ, ಆಡುಮಾತಿಗಾಗಿ ಸದಾ ಗೇಲಿಗೊಳಗಾಗುತ್ತಿದ್ದ ಹುಡುಗನೊಬ್ಬ ನನ್ನ ಮೇಜಿನ ಬಳಿ ಬಂದು ನಿಂತ. “ಹಾಡ್ ಕೇಳಿ ನಗ್ತಾರಾ ಸಾರ್, ಇಲ್ಲ ನನ್ ನೋಡಿ ನಗ್ತಾರಾ?” ಎಂದ.

ಪ್ರಶ್ನೆ ಸಣ್ಣದಲ್ಲ. ಪಟ್ಟಣದವರು ಹಳ್ಳಿಯವನ ಮಾತಿಗೆ ನಗುವುದು ನಮ್ಮ ರಂಗಭೂಮಿಯ ಹಳೆಯ ಚಾಳಿ. ಆದರೆ ಫಿಗಾರೋ ಸೇವಕವರ್ಗದವನಾದರೂ ಧಣಿಗಳಿಗಿಂತ ಚತುರ. ರಂಗನೂ ತಲೆತಗ್ಗಿಸಿ ನಿಂತವನಲ್ಲ. ತನ್ನ ಹೆಸರನ್ನು ಕಾಗುಣಿತ ತಪ್ಪದಂತೆ ಬಿಡಿಸಿ ಹೇಳಬಲ್ಲವನು ಅವನೇ. “ನೀನು ಎಷ್ಟು ಗಟ್ಟಿಯಾಗಿ ಹಾಡುತ್ತೀಯೋ ಅದರ ಮೇಲಿದೆಯಪ್ಪ” ಎಂದೆ.

ಅವನು ಹಾಡಿದ. ಜನ ನಕ್ಕರು, ಮತ್ತೊಮ್ಮೆ ಹಾಡಿಸಿದರು. ಮಾರನೆಯ ದಿನದಿಂದ ತರಗತಿಯಲ್ಲಿ ಎಲ್ಲರೂ ತಂತಮ್ಮ ಹೆಸರುಗಳನ್ನು ಅದೇ ಧಾಟಿಗೆ ಬಿಡಿಸತೊಡಗಿದರು. ಮುಂದಿನ ಬೆಂಚಿನ ಉರ್ದು ಮನೆಮಾತಿನ ಹುಡುಗಿಯೊಬ್ಬಳ ಹೆಸರಿನಲ್ಲಿದ್ದ ಒತ್ತಕ್ಷರ ತಾಳಕ್ಕೆ ಕೂಡಲಿಲ್ಲ. ಅವಳು ಅಲ್ಲಿಗೊಂದು ಚಪ್ಪಾಳೆ ಸೇರಿಸಿಕೊಂಡಳು.