ಹದಿನೈದು ಅಂಕಿಯ ಚೀಟಿ

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಮಂದಿ. ಒಬ್ಬ ಕೊಪ್ಪಳದವ, ಒಬ್ಬ ಗಂಗಾವತಿ, ಒಬ್ಬ ಕುಷ್ಟಗಿ, ಇನ್ನೊಬ್ಬ ಯಲಬುರ್ಗಾ. ಹಿಂಗಾಗಿ ಕಾರಿಡಾರಿನವರೆಲ್ಲ ನಮ್ಮ ರೂಮಿಗೆ 'ಜಿಲ್ಲಾ ಪಂಚಾಯ್ತಿ' ಅಂತಾರೆ. ಹೆಸರಷ್ಟೇ. ಸರ್ಕಾರಿ ಕಚೇರಿ ಅಂದ್ರೆ ನಮಗೆ ಗೊತ್ತಿದ್ದದ್ದು ಎರಡೇ: ಎದುರಿನ ಜೆರಾಕ್ಸ್ ಅಂಗಡಿ ಮತ್ತು 'ನಾಳೆ ಬಾ'.

2025ರ ಜುಲೈ ಕೊನೆಯಲ್ಲಿ ನಮ್ಮ ಕೊಪ್ಪಳ ಇದ್ದಕ್ಕಿದ್ದಂತೆ ಟಿವಿಯಲ್ಲಿ ಬಂತು. ನಿಗಮವೊಂದರ ಮಾಜಿ ಗುಮಾಸ್ತರ ಮೇಲೆ ಲೋಕಾಯುಕ್ತ ದಾಳಿ, ಸಂಬಳ 15 ಸಾವಿರ, ಸಿಕ್ಕಿದ್ದು 24 ಮನೆಗಳ ಲೆಕ್ಕ ಅಂತ ಸುದ್ದಿ. ಅದಿನ್ನೂ ಆರೋಪವೇ, ತೀರ್ಮಾನ ಆಗಬೇಕಾದ್ದು ಕೋರ್ಟಿನಲ್ಲಿ. ಆದರೂ ಮೆಸ್ಸಿನಲ್ಲಿ ವಾರಗಟ್ಟಲೆ ಅದೇ ಮಾತು. ಲೋಕಾಯುಕ್ತ ಅಂದ್ರೆ ದಾಳಿ, ಬಂಗಾರ, ನೋಟಿನ ಕಟ್ಟು, ಇಷ್ಟೇ ಅಂದುಕೊಂಡಿದ್ದೆವು.

ಆಮೇಲೆ ನಮ್ಮದೇ ರೂಮಿಗೆ ಸಮಸ್ಯೆ ಬಂತು. ಯಲಬುರ್ಗಾದ ಗೆಳೆಯನಿಗೆ ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಅರ್ಜಿ ಕೊಟ್ಟಾಗಿತ್ತು, ಗಡುವೂ ದಾಟಿತ್ತು. ಹೋದಾಗೆಲ್ಲ 'ಸರ್ವರ್ ಡೌನ್'. ಸರ್ವರ್ ಯಾಕೆ ಡೌನ್ ಆಗುತ್ತೆ ಅಂತ ಪರೀಕ್ಷೆಗೆ ಓದಿದವರು ನಾವು. ಆದರೆ ಐದು ಸಲ ಡೌನ್ ಆದ ಸರ್ವರ್ ಐನೂರು ರೂಪಾಯಿ ಕೊಟ್ಟರೆ ಅಪ್ ಆಗುತ್ತೆ ಅನ್ನೋದು ಸಿಲಬಸ್ಸಿನಲ್ಲಿ ಇರಲಿಲ್ಲ. ಅದನ್ನು ಹೇಳಿಕೊಟ್ಟವನು ಕಚೇರಿ ಹೊರಗೆ ಬೈಕ್ ಮೇಲೆ ಕೂತಿದ್ದ ಒಬ್ಬ ಮಧ್ಯವರ್ತಿ.

ಸಿಟ್ಟಿನಲ್ಲಿ ರಾತ್ರಿಯೇ ಲೋಕಾಯುಕ್ತರಿಗೆ ದೂರು ಬರೆಯಲು ಕೂತೆವು. 1984ರ ಕಾಯ್ದೆ ತೆಗೆದು ನೋಡಿದರೆ ಅಲ್ಲಿ ಎರಡು ಬಾಗಿಲು. ಒಂದು ಭ್ರಷ್ಟಾಚಾರದ ಆರೋಪದ್ದು. ಪಕ್ಕದ ಬಳ್ಳಾರಿ ಗಣಿಗಳ ಬಗ್ಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರಲ್ಲಿ ಕೊಟ್ಟ ವರದಿ, ಅದರ ಬೆನ್ನಿಗೇ ಆದ ಮುಖ್ಯಮಂತ್ರಿ ರಾಜೀನಾಮೆ, ಇವೆಲ್ಲ ಎಲ್ಲರಿಗೂ ನೆನಪಿರೋ ಕತೆ. ಇನ್ನೊಂದು ಬಾಗಿಲು ಕುಂದುಕೊರತೆಯದ್ದು: ಆಡಳಿತ ಸರಿಯಿಲ್ಲದೆ ನನಗೆ ತೊಂದರೆ ಆಯ್ತು ಅನ್ನೋ ಸಣ್ಣ ಮನುಷ್ಯನ ದೂರು. ಸ್ವೀಡನ್ 1809ರಲ್ಲಿ ಒಂಬುಡ್ಸ್‌ಮನ್ ಹುದ್ದೆ ಮಾಡಿದಾಗಿನಿಂದ ಈ ಪದ್ಧತಿಯ ಜೀವಾಳ ಇಂಥ ದೂರೇ. ಆದರೆ ಇದಕ್ಕೆ ಟಿವಿ ಕ್ಯಾಮೆರಾ ಬರೋದಿಲ್ಲ ನೋಡಿ.

ಆ ಬಾಗಿಲಿಗೂ ಒಂದು ಚಿಲಕ ಇದೆ. ಬೇರೆ ಕಡೆ ಮೇಲ್ಮನವಿಗೆ ದಾರಿ ಇದ್ದು ನೀವು ಹೋಗಿಲ್ಲ ಅಂದ್ರೆ, ಸಾಮಾನ್ಯವಾಗಿ ಮೊದಲು ಅಲ್ಲಿಗೆ ಹೋಗಬೇಕು. ನಮಗೆ ಆ ದಾರಿ ಸಕಾಲ. 2012ರಿಂದ ಜಾರಿಯಲ್ಲಿದೆ. ಅರ್ಜಿ ಕೊಟ್ಟಾಗ ಸಿಗುವ ಚೀಟಿಯಲ್ಲಿ ಹದಿನೈದು ಅಂಕಿಯ ನಂಬರ್ ಇರುತ್ತೆ. ಗಡುವು ಮೀರಿದರೆ ಆ ನಂಬರ್ ಹಾಕಿ ಮೇಲಿನ ಅಧಿಕಾರಿಗೆ ಮೇಲ್ಮನವಿ ಕೊಡಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಬೈಕಿನವ ಕೇಳಿದ್ದೂ 500!

ಮೇಲ್ಮನವಿ ರೆಡಿ ಆಯ್ತು. ಗೆಳೆಯ ಮನೆಗೆ ಫೋನ್ ಮಾಡಿದ. ಸ್ಪೀಕರ್ ಮೇಲಿತ್ತು.

"ಬ್ಯಾಡಪಾ," ಅಂದರು ಅವನ ಅಪ್ಪ. "ನಿಂದು ಒಂದು ಕಾಗದ. ನನ್ನ ಹೊಲದ ಪೋಡಿ ಇನ್ನೂ ಅಲ್ಲೇ ಕುಂತೈತಿ. ನೀ ದೂರು ಕೊಟ್ಟು ಕಾಲೇಜಿಗೆ ಹೋಗ್ತಿ, ನಾಳೆ ಮತ್ತ ಆ ಬಾಗಲಾ ತುಳಿಯಾವ ನಾನು. ಐನೂರು ಕೊಟ್ಟು ತಗೊಂಬಾ."

ನಾವು ಯಾರೂ ಮಾತಾಡಲಿಲ್ಲ. ಹಳ್ಳಿಯವರಿಗೆ ಕಾನೂನು ಗೊತ್ತಿಲ್ಲ ಅಂತ ನಾವೇ ಎಷ್ಟು ಸಲ ಭಾಷಣ ಬಿಗಿದಿಲ್ಲ? ಅವರಿಗೆ ಕಚೇರಿ ನಮಗಿಂತ ಚೆನ್ನಾಗಿ ಗೊತ್ತಿತ್ತು. ದೂರಿನಲ್ಲಿ ಹೆಸರು ಹಾಕಬೇಕು, ಹೆಸರಿನ ಹಿಂದೆ ಊರು ಇರುತ್ತೆ, ಊರಿನಲ್ಲಿ ಹೊಲ ಇರುತ್ತೆ. ಈ ಲೆಕ್ಕ ಕಾಯ್ದೆಯ ಯಾವ ಸೆಕ್ಷನ್ನಿನಲ್ಲೂ ನಮಗೆ ಸಿಗಲಿಲ್ಲ.

ಎರಡು ದಿನ ಜಗಳ ಆಡಿದೆವು. ಗಂಗಾವತಿಯವ ದುಡ್ಡು ಕೊಟ್ಟು ಮುಗಿಸು ಅಂದ. ಕುಷ್ಟಗಿಯವ ಅವನ ಜೊತೆ ಮಾತೇ ಬಿಟ್ಟ. ಮೂರನೇ ದಿನ ಗೆಳೆಯ ಯಾರನ್ನೂ ಕೇಳದೆ ಸಹಿ ಹಾಕಿ ಕಳಿಸಿದ.

ನಾಲ್ಕು ದಿನಕ್ಕೆ ಪ್ರಮಾಣಪತ್ರ ಬಂತು. ಪರಿಹಾರ 220 ರೂಪಾಯಿ ಆಗುತ್ತಿತ್ತು. ಕೇಳಲಿಲ್ಲ. ಧೈರ್ಯ ಅಷ್ಟೇ ಇತ್ತು, ಸುಳ್ಳು ಯಾಕೆ ಹೇಳೋದು.

ಹಬ್ಬಕ್ಕೆ ಅವರ ಮನೆಗೆ ಹೋಗಿದ್ದೆವು. ರೊಟ್ಟಿ, ಪುಂಡಿಪಲ್ಯ ಊಟ ಆದ ಮೇಲೆ ಅಪ್ಪ ಟ್ರಂಕಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಪೋಡಿ ಅರ್ಜಿಯ ಸ್ವೀಕೃತಿ.

"ಇದರಾಗೂ ಹದಿನೈದು ಅಂಕಿ ಅದಾವೇನು ನೋಡ್ರಿ ತಮ್ಮಾ."

ಇರಲಿಲ್ಲ. ಕೈಬರಹದ ಚೀಟಿ, ಮೇಲೊಂದು ಸೀಲು, ದಿನಾಂಕವೂ ಇಲ್ಲ. ಅರ್ಜಿ ಯಾವ ಹಂತದಲ್ಲಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ ಅಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ ಹೆಸರಿಗೆ?" ಅಂದರು. ಆಮೇಲೆ ತಾವೇ ಪೆನ್ನು ಕೇಳಿದರು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಪೋಸ್ಟಿನಲ್ಲಿ ಕಳಿಸಿದ್ದೇವೆ. ಉತ್ತರಕ್ಕೆ 30 ದಿನ ಗಡುವು. ಅದು ಮುಗಿಯೋದು ಬರುವ ಸೋಮವಾರ, ಅವತ್ತೇ ನಮ್ಮ ಎರಡನೇ ಇಂಟರ್ನಲ್ಸ್ ಶುರು.