ಪರದೆಯ ನೀರುಗಂಟಿ

ಬಾಬುರಾಯನಕೊಪ್ಪಲಿನ ನಮ್ಮ ಮನೆಯ ಹಿಂದೆ ಗದ್ದೆಬಯಲು. ನಾಲೆ ತುಂಬಿ ಹರಿದರೂ, ಯಾವ ತೂಬನ್ನು ಎಷ್ಟು ಹೊತ್ತು ಎತ್ತಬೇಕೆಂಬುದನ್ನು ಬಲ್ಲ ನೀರುಗಂಟಿ ಇಲ್ಲದಿದ್ದರೆ ಅಲ್ಲಿನ ಪೈರಿಗೆ ನೀರು ಸಕಾಲಕ್ಕೆ ದೊರೆಯದು. ಗಣಕಯಂತ್ರದೊಳಗೂ ಅಂತಹ ನೀರುಗಂಟಿಯೊಬ್ಬನಿರುವನೆಂದು ನಾನು ಅರಿತದ್ದು ನನ್ನದೇ ತಪ್ಪಿನಿಂದ.

ವಾಸ್ತುಶಿಲ್ಪ ಕಲಿಯುತ್ತಿದ್ದ ನನ್ನ ತಮ್ಮನ ಮಗಳು ಶ್ರೀರಂಗಪಟ್ಟಣದ ಕೋಟೆಬಾಗಿಲೊಂದನ್ನು ಅಳೆದು, ಅದರ ಘನಾಕೃತಿಯನ್ನು ನನ್ನ ಗಣಕದಲ್ಲಿ ರೂಪಿಸಿದ್ದಳು. ಸೋಮವಾರ ಅದನ್ನು ಕಾಲೇಜಿಗೆ ಒಪ್ಪಿಸಬೇಕು, ಅಂದು ಶನಿವಾರ. ಬಾಗಿಲನ್ನು ಪರದೆಯ ಮೇಲೆ ಇಷ್ಟು ತಿರುಗಿಸಬೇಕೆಂದರೂ ಯಂತ್ರ ಏದುಸಿರು ಬಿಡುತ್ತಿತ್ತು. ಒಳಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡೇ ಇತ್ತು. ಅದರಿಂದ ಕೆಲಸ ತೆಗೆಯುವ ಡ್ರೈವರ್ ಎಂಬ ತಂತ್ರಾಂಶ ಸಾಲದಾಗಿತ್ತು.

ಆ ಗಣಕ ನಡೆಯುತ್ತಿದ್ದುದು ಲಿನಕ್ಸ್‌ನಿಂದ. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಅದರ ತಿರುಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಎನ್‌ವಿಡಿಯಾ ಕಾರ್ಡುಗಳ ಒಳಮರ್ಮವಾದರೋ ಬಹುಕಾಲ ಹೊರಗಿನವರಿಗೆ ತಿಳಿಯದಂತಿತ್ತು. ಕಾರ್ಡಿನ ನಡವಳಿಕೆಯನ್ನೇ ಗಮನಿಸಿ ಸ್ವಯಂಸೇವಕರು ರಚಿಸಿದ ಡ್ರೈವರಿಗೆ ‘ನೂವೋ’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ ‘ಹೊಸತು’. ನನ್ನ ಕಥೆಯಲ್ಲಿ ಮಾತ್ರ ಅದೇ ಹಳಬ. ತನ್ನ ಡ್ರೈವರಿನಲ್ಲಿ ತಿರುಳಿಗೆ ಸೇರುವ ಭಾಗದ ಮೂಲಬರಹವನ್ನು ಕಂಪನಿ ಬಹಿರಂಗಪಡಿಸಿದ್ದು 2022ರಲ್ಲಿ.

ನಾನು ಕಂಪನಿಯ ಡ್ರೈವರನ್ನು ಅಳವಡಿಸಿದೆನು. ನಡುವೆ ಅದು ಒಂದು ಗುಪ್ತಪದವನ್ನು ಕೇಳಿತು, ಕೊಟ್ಟೆನು. ಯಂತ್ರ ಮತ್ತೆ ಹೊತ್ತಿಕೊಳ್ಳುವಾಗ ನೀಲಿ ಪರದೆಯೊಂದು ಕಾಣಿಸಿತು. ಓದುವ ತಾಳ್ಮೆಯಿಲ್ಲದೆ ‘ಮುಂದುವರಿ’ ಎಂಬುದನ್ನು ಒತ್ತಿಬಿಟ್ಟೆನು. ಆಮೇಲೆ ಕಂಡದ್ದು ಹಿಗ್ಗಿ ಮಸುಕಾದ ಅಕ್ಷರಗಳು. ಕೋಟೆಬಾಗಿಲು ಅಲುಗಲೇ ಇಲ್ಲ. ರಾತ್ರಿ ಹನ್ನೊಂದರವರೆಗೆ ತೆಗೆದು ಹಾಕಿದ್ದನ್ನೇ ಮತ್ತೆ ಮತ್ತೆ ತೆಗೆದು ಹಾಕಿದೆನು. ಹುಡುಗಿ ಮಾತಾಡದೆ ಕುಳಿತಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ ಅವಳೇ ಕೇಳಿದಳು: “ದೊಡ್ಡಪ್ಪ, ಆ ನೀಲಿ ಪರದೆಯಲ್ಲಿ ಏನು ಬರೆದಿತ್ತು?”

ಉತ್ತರ ನನ್ನಲ್ಲಿರಲಿಲ್ಲ. ಯಂತ್ರದ ದಾಖಲೆಯನ್ನು ಸಾಲುಸಾಲಾಗಿ ಓದಿದಾಗ ಸಂಗತಿ ತಿಳಿಯಿತು. ಸೆಕ್ಯೂರ್ ಬೂಟ್ ಎಂಬ ಕಾವಲು ವ್ಯವಸ್ಥೆ, ತಾನು ನಂಬುವ ಸಹಿಯಿಲ್ಲದ ಡ್ರೈವರನ್ನು ತಿರುಳಿನೊಳಕ್ಕೆ ಬಿಡದು. ಸಹಿಯ ಕೀಲಿಯನ್ನು ನೋಂದಾಯಿಸೆಂದು ಆ ಪರದೆ ಕೇಳಿತ್ತು. ಹೊಸ ಡ್ರೈವರಿಗೆ ದಾರಿ ಬಿಡಲೆಂದು ನೂವೋವನ್ನು ಮೊದಲೇ ತಡೆಹಿಡಿಯಲಾಗಿತ್ತು. ಹಳೆಯ ನೀರುಗಂಟಿಯನ್ನು ಮನೆಗೆ ಕಳುಹಿಸಿ, ಹೊಸಬನನ್ನು ಹೊಸ್ತಿಲಲ್ಲೇ ನಿಲ್ಲಿಸಿದ್ದೆನು!

ಕೀಲಿಯ ನೋಂದಣಿಗೆ ಮತ್ತೊಮ್ಮೆ ಆಜ್ಞೆಯಿತ್ತೆನು. ಈ ಸಲ ನೀಲಿ ಪರದೆಯನ್ನು ಅವಳು ಗಟ್ಟಿಯಾಗಿ ಓದಿದಳು. ಅವಳು ಹೇಳಿದ್ದನ್ನೇ ನಾನು ಒತ್ತಿದೆನು. ಕೋಟೆಬಾಗಿಲು ಪರದೆಯ ಮೇಲೆ ಸರಾಗವಾಗಿ ತಿರುಗಿತು. ಅದರ ಹಿಂಬದಿಯನ್ನು ಕಂಡೊಡನೆ, “ಅಯ್ಯೋ, ಕಮಾನಿನ ಎತ್ತರ ತಪ್ಪಾಗಿದೆ” ಎನ್ನುತ್ತಾ ಅವಳು ಅಳತೆಯ ಪುಸ್ತಕವನ್ನು ತೆರೆದಳು.