ಹೆಬ್ಬೆಟ್ಟೂ ಒಪ್ಪಿಗೆಯೂ

ಅಕ್ಷರ ಬಾರದವನನ್ನು ‘ಹೆಬ್ಬೆಟ್ಟಿನವನು’ ಎಂದು ಕರೆಯುವ ವಾಡಿಕೆ ಕನ್ನಡನಾಡಿನಲ್ಲಿ ಉಂಟು. ಸಾಹುಕಾರನು ಪತ್ರವನ್ನು ಬರೆಯಿಸುವನು; ಬರೆದವನು ಅದನ್ನು ಗಡಿಬಿಡಿಯಿಂದ ಓದಿ ಮುಗಿಸುವನು; ಸಾಲಗಾರನು ಮಸಿ ಹತ್ತಿದ ಬೆರಳನ್ನು ಕಾಗದದ ಮೇಲೆ ಒತ್ತಿ, ಉಳಿದ ಮಸಿಯನ್ನು ತಲೆಗೂದಲಿಗೆ ಒರಸಿಕೊಂಡು ಮನೆಗೆ ಹೊರಡುವನು. ಪತ್ರದೊಳಗೆ ನಿಜವಾಗಿ ಏನಿದ್ದಿತೆಂಬುದು ಅವನಿಗೆ ತಿಳಿಯುತ್ತಿದ್ದುದು ಹೊಲಕ್ಕೆ ಜಪ್ತಿ ಬಂದ ದಿನ. ಊರೂರಿಗೆ ಶಾಲೆಗಳು ಬಂದು ಮಕ್ಕಳು ಓದುಬರಹ ಕಲಿತ ಮೇಲೆ ಈ ಅನ್ಯಾಯಕ್ಕೆ ಕೊನೆಯಾಯಿತೆಂದು ಜನ ನಂಬಿದರು. ಆ ನಂಬಿಕೆ ಅರ್ಧ ಮಾತ್ರ ನಿಜವಾಯಿತು. ಈಗ ಬಿ.ಎ. ಓದಿದವನೂ ಫೋನಿನ ಗಾಜಿನ ಮೇಲೆ, ಒಂದು ಸಾಲನ್ನೂ ಓದದೆ, ದಿನಕ್ಕೆ ಹಲವು ಸಲ ಹೆಬ್ಬೆಟ್ಟನ್ನು ಒತ್ತುತ್ತಾನೆ. ಮಸಿ ಹತ್ತುವುದಿಲ್ಲವಾದುದರಿಂದ ಒತ್ತಿದುದು ನೆನಪಿನಲ್ಲಿಯೂ ಉಳಿಯುವುದಿಲ್ಲ.

ಕೈಯ ಗುರುತನ್ನು ಕರಾರಿಗೆ ಬಳಸಿದ ಪ್ರಸಿದ್ಧ ಪ್ರಸಂಗವೊಂದು ೧೮೫೮ರಲ್ಲಿ ಬಂಗಾಳದ ಜಂಗೀಪುರದಲ್ಲಿ ನಡೆಯಿತು. ಅಲ್ಲಿನ ಆಂಗ್ಲ ಅಧಿಕಾರಿ ವಿಲಿಯಂ ಹರ್ಷಲ್ ಎಂಬಾತನು, ರಸ್ತೆಗೆ ಸಾಮಗ್ರಿ ಒದಗಿಸಲು ಒಪ್ಪಿದ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಕರಾರಿನ ಮೇಲೆ ಒತ್ತಿಸಿಕೊಂಡನು. ಗುರುತು ಹಿಡಿಯುವುದು ಅವನ ಮೊದಲ ಉದ್ದೇಶವಾಗಿರಲಿಲ್ಲ. ಮುಂದೆ ಆ ಮನುಷ್ಯನು ‘ರುಜು ನನ್ನದಲ್ಲ’ ಎನ್ನದಂತೆ ಅವನಲ್ಲಿ ಅಂಜಿಕೆಯನ್ನು ಹುಟ್ಟಿಸುವುದೇ ಉದ್ದೇಶವಾಗಿದ್ದಿತೆಂದು ಅವನೇ ಬರೆದಿಟ್ಟಿದ್ದಾನೆ. ಹೆಬ್ಬೆಟ್ಟಿಗೂ ಒಪ್ಪಿಗೆಗೂ ಇರುವ ಅಂತರವು ಈ ಪ್ರಸಂಗದಿಂದ ಸ್ಪಷ್ಟವಾಗುತ್ತದೆ. ಹೆಬ್ಬೆಟ್ಟನ್ನು ಅಂಜಿಕೆಯಿಂದಲೂ ಪಡೆಯಬಹುದು, ಅಜ್ಞಾನದಿಂದಲೂ ಪಡೆಯಬಹುದು. ಒಪ್ಪಿಗೆಯು ತಿಳಿವಿನಿಂದಲ್ಲದೆ ಬಾರದು.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆ ಒಂದು ಹೋಬಳಿಯ ಊರು. ೧೯೯೭ರವರೆಗೆ ಈ ಸೀಮೆಯು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು. ಮಳೆಯನ್ನು ನೆಚ್ಚಿ ಮೆಕ್ಕೆಜೋಳ, ಶೇಂಗಾ ಬೆಳೆಯುವ ಬರದ ನೆಲ; ಒಂದು ಹದ ತಪ್ಪಿದರೆ ವರ್ಷವೇ ತಪ್ಪಿದಂತೆ. ಇಂಥ ಕಡೆ ಸಾಲವೆಂಬುದು ಅಪರೂಪದ ಮಾತಲ್ಲ. ಊರಿನಲ್ಲಿ ನೆಲೆಸಿದ ನಿವೃತ್ತ ಉಪಾಧ್ಯಾಯರೊಬ್ಬರ ಬಳಿಗೆ ಜನರು ಹಿಂದೆ ಕಾಗದಗಳನ್ನು ಓದಿಸಿಕೊಳ್ಳಲು ಬರುತ್ತಿದ್ದರು. ಈಗ ಫೋನನ್ನು ತರುತ್ತಾರೆ.

ಅವರ ಹಳೆಯ ಶಿಷ್ಯನೊಬ್ಬನು, ಕೊಳವೆಬಾವಿಯ ಮೋಟಾರು ಸುಟ್ಟು ರಿಪೇರಿಗೆ ಹಣವಿಲ್ಲದೆ, ಫೋನಿನ ಮೂಲಕವೇ ಸಾಲ ಕೊಡುವ ಒಂದು ಕಂಪನಿಯಿಂದ ಎಂಟು ಸಾವಿರ ರೂಪಾಯಿಗಳನ್ನು ಪಡೆದನು. ಸಾಲವು ಹತ್ತು ನಿಮಿಷಗಳಲ್ಲಿ ಕೈಗೆ ಬಂದಿತು. ಕಂತು ತಪ್ಪಿದ ಮೂರನೆಯ ದಿನ ಅವನ ತಂಗಿಯ ಗಂಡನ ಮನೆಗೆ ಕರೆ ಹೋಯಿತು. ಆಮೇಲೆ ಹಾಲಿನ ಡೇರಿಯ ಕಾರ್ಯದರ್ಶಿಗೆ, ಗೊಬ್ಬರದ ಅಂಗಡಿಯವರಿಗೆ, ಕೊನೆಗೆ ಮೇಷ್ಟರಿಗೂ ಬಂದಿತು. ಅವನು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ ಹೆಸರುಗಳನ್ನೆಲ್ಲ ಕಂಪನಿಯವರು ಸಾಲ ಕೊಟ್ಟ ದಿನವೇ ನಕಲು ಮಾಡಿಕೊಂಡಿದ್ದರು.

‘‘ನಾ ಯಾರ ನಂಬರೂ ಕೊಟ್ಟಿಲ್ಲ ಮೇಷ್ಟ್ರೇ. ಅವ್ರು ಹೆಂಗ್ ತಗೊಂಡ್ರು?’’ ಎಂದು ಅವನು ಕೇಳಿದನು. ಮೇಷ್ಟರು ಕನ್ನಡಕವನ್ನು ಹಾಕಿಕೊಂಡು ಆ ಕರಾರನ್ನು ಹುಡುಕಿ ಓದಿದರು. ಅದು ಇಂಗ್ಲಿಷಿನಲ್ಲಿದ್ದಿತು, ಬಹು ಉದ್ದವಾಗಿದ್ದಿತು, ನಡುವೆ ಎಲ್ಲಿಯೋ ಒಂದು ಸಾಲಿನಲ್ಲಿ ಈ ಹೆಸರುಗಳ ಮಾತು ಅಡಗಿದ್ದಿತು. ‘‘ಕೊಟ್ಟಿದ್ದೀಯಪ್ಪಾ, ಏನು ಕೊಡ್ತಾ ಇದ್ದೀಯ ಅಂತ ಮಾತ್ರ ಯಾರೂ ನಿನಗೆ ಹೇಳಿಲ್ಲ’’ ಎಂದರು. ಮೆಕ್ಕೆಜೋಳ ಮಾರಿದ ಮೇಲೆ ಸಾಲವೇನೋ ತೀರಿತು. ಆದರೆ ತಂಗಿಯು ಆ ವರ್ಷ ಗೌರಿಹಬ್ಬಕ್ಕೆ ತವರಿಗೆ ಬರಲಿಲ್ಲ.

ಓದಲಿಲ್ಲವೆಂದು ಅವನನ್ನು ಬೈಯುವುದು ಸುಲಭ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಇಬ್ಬರು ವಿದುಷಿಯರು ೨೦೦೮ರಲ್ಲಿ ಒಂದು ಲೆಕ್ಕ ಹಾಕಿದರು: ಅಂತರ್ಜಾಲವನ್ನು ಬಳಸುವವನು ತಾನು ನೋಡುವ ಪ್ರತಿಯೊಂದು ತಾಣದ ಖಾಸಗಿತನದ ನಿಬಂಧನೆಗಳನ್ನೂ ಓದಹೊರಟರೆ ವರ್ಷಕ್ಕೆ ೨೦೦ ಗಂಟೆಗಳಿಗಿಂತ ಹೆಚ್ಚು ಕಾಲ ಬೇಕು. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರ ಪಾಡೇ ಹೀಗಿರುವಲ್ಲಿ, ಬಿತ್ತನೆಯ ಹೊತ್ತಿನಲ್ಲಿ ಮೋಟಾರು ಸುಟ್ಟುಕೊಂಡ ರೈತನು ಓದಲಿಲ್ಲವೆಂಬುದು ಅಪರಾಧವಾದೀತೆ? ಇದಲ್ಲದೆ ಇನ್ನೊಂದು ಮಾತುಂಟು. ಅವನು ಕೊಟ್ಟುದು ತನ್ನ ವಿವರವನ್ನು ಮಾತ್ರವಲ್ಲ. ತಂಗಿಯ ವಿವರವನ್ನೂ ಕೊಟ್ಟನು. ಅವಳನ್ನು ಕೇಳಿದವರು ಯಾರೂ ಇಲ್ಲ. ಒಂದು ಫೋನು ಒಬ್ಬನದಾದರೂ ಅದರೊಳಗೆ ನೂರು ಮನೆಗಳ ಬಾಗಿಲುಗಳಿವೆ.

ಹಳ್ಳಿಯಲ್ಲಿ ಗುಟ್ಟೆಂಬುದು ಎಂದಿಗೆ ಇದ್ದಿತು ಎಂದು ಕೆಲವರು ಆಕ್ಷೇಪಿಸುವರು. ಯಾರ ಮನೆಯಲ್ಲಿ ಒಲೆ ಹೊತ್ತಲಿಲ್ಲ, ಯಾರ ಎತ್ತು ಸಂತೆಗೆ ಹೋಯಿತು, ಯಾರ ಮಗಳನ್ನು ನೋಡಲು ಗಂಡಿನವರು ಬಂದರು ಎಂಬುದೆಲ್ಲ ಕಟ್ಟೆಯ ಮೇಲೆ ಕುಳಿತವರಿಗೆ ಸಂಜೆಯೊಳಗೆ ತಿಳಿಯುತ್ತಿದ್ದಿತಷ್ಟೆ. ಆಕ್ಷೇಪಣೆ ತಕ್ಕುದೇ. ಊರಿನ ನಾಲಗೆಯು ಬಡವರನ್ನೂ ಹೆಂಗಸರನ್ನೂ ಬೇಯಿಸಿದುದುಂಟು, ಅದನ್ನು ಹೊಗಳಬೇಕಾದುದಿಲ್ಲ. ಆದರೂ ಊರಿನ ಅರಿವಿಗೆ ಎರಡು ಕಟ್ಟುಗಳಿದ್ದುವು. ಅವನ ಸಾಲ ಇವನಿಗೆ ಗೊತ್ತಿದ್ದರೆ ಇವನ ವ್ಯಾಜ್ಯ ಅವನಿಗೆ ಗೊತ್ತಿದ್ದಿತು. ತಿಳಿದವನು ಯಾರೆಂಬುದು ಮರೆಯಾಗಿರಲಿಲ್ಲ. ಊರಿನ ಮಾತು ಊರಿನ ಗಡಿಯನ್ನು ದಾಟುತ್ತಿದ್ದುದು ಅಪರೂಪ. ಒಂದು ಒಳ್ಳೆಯ ಮಳೆಯಾದರೆ ಹೋದ ವರ್ಷದ ಮಾತು ಮರೆತುಹೋಗುತ್ತಿದ್ದಿತು. ಕಂಪನಿಯ ಅರಿವಿಗೆ ಈ ಎರಡು ಕಟ್ಟುಗಳೂ ಇಲ್ಲ. ಅದು ಎಲ್ಲರನ್ನೂ ಬಲ್ಲುದು, ಅದನ್ನು ಬಲ್ಲವರಿಲ್ಲ. ಅದಕ್ಕೆ ಮರೆವೂ ಇಲ್ಲ.

ಮರೆವಿನ ಮಾತು ಬಂದುದರಿಂದ ‘ಕಡತ’ವೆಂಬ ಪದವನ್ನು ನೆನೆಯಬಹುದು. ಇಂದು ಕಚೇರಿಯ ಕಾಗದಗಳ ಕಟ್ಟಿಗೆ ಹೇಳುವ ಈ ಹೆಸರು ಹಿಂದೆ ಬಟ್ಟೆಯ ಪುಸ್ತಕಕ್ಕೆ ಇದ್ದಿತು. ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಸುಪರಿಚಿತವಾದುವು. ಈ ಬರಹವು ಜೋಪಾನ ಮಾಡಿದರೆ ಬಹುಕಾಲ ಬಾಳುವುದು. ಬೇಡವಾದಾಗ ಒರಸಿ ಮತ್ತೆ ಬರೆಯಲೂಬಹುದು. ಒರಸುವ ಅನುಕೂಲದಿಂದ ಮೋಸಕ್ಕೂ ಎಡೆಯುಂಟೆಂಬುದು ನಿಜ. ಆದರೆ ತೀರಿದ ಸಾಲವನ್ನು ಒರಸಿಹಾಕಿದ ಮೇಲೆ ಅದು ಮಗನ ಕಾಲಕ್ಕೆ ಎದ್ದು ಬರುತ್ತಿರಲಿಲ್ಲ.

ಎಲ್ಲ ಬರಹವನ್ನೂ ಮುಚ್ಚಿಡತಕ್ಕುದೆಂದಲ್ಲ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಈಗ ಸರ್ವೆ ನಂಬರನ್ನು ಬಲ್ಲ ಯಾರೇ ಆಗಲಿ ಹೊಲದ ಒಡೆಯನ ಹೆಸರನ್ನೂ ಹೊಲದ ಮೇಲಿನ ಋಣವನ್ನೂ ನೋಡಬಹುದು. ಕೊಳ್ಳುವವನು ಮೋಸಹೋಗದಿರಲು ಇದು ಬೇಕಾದುದೇ. ಇಲ್ಲಿ ಬಯಲು ಮಾಡುವುದಕ್ಕೆ ಒಂದು ಕಾರಣವಿದೆ. ಆ ಕಾರಣವು ಎಲ್ಲರಿಗೂ ಗೊತ್ತಿದೆ. ಮೋಟಾರಿನ ಸಾಲಕ್ಕೆ ತಂಗಿಯ ನಂಬರು ಏತಕ್ಕೆ ಬೇಕು ಎಂದು ಕೇಳಿದರೆ ಹೇಳಲು ತಕ್ಕ ಕಾರಣವಿಲ್ಲ. ವಿವರವು ಗುಟ್ಟೋ ಬಯಲೋ ಎಂಬುದಕ್ಕಿಂತ, ಯಾವ ಕೆಲಸಕ್ಕಾಗಿ ಕೊಟ್ಟುದು ಯಾವ ಕೆಲಸಕ್ಕೆ ಹೋಯಿತು ಎಂಬುದೇ ನ್ಯಾಯದ ಪ್ರಶ್ನೆ.

ಈ ಪ್ರಶ್ನೆಯನ್ನು ದೇಶದ ಅತ್ಯುಚ್ಚ ನ್ಯಾಯಸ್ಥಾನದ ಮುಂದೆ ಇಟ್ಟವರಲ್ಲಿ ಮೊದಲಿಗರು ಕನ್ನಡನಾಡಿನವರೇ ಎಂಬುದು ಸಂತೋಷದ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರವು ವಾದಿಸಿತು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರು, ಹಿಂದಿನ ತೀರ್ಪುಗಳ ವಿರುದ್ಧಾಭಿಪ್ರಾಯವನ್ನು ತಳ್ಳಿಹಾಕಿ, ಅದು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಮರುವರ್ಷ ಸೆಪ್ಟೆಂಬರ್ ೨೬ರಂದು ನಾಲ್ವರು ನ್ಯಾಯಾಧೀಶರ ಬಹುಮತವು ಸರ್ಕಾರದ ಸಹಾಯಧನಗಳಿಗೆ ಆಧಾರನ್ನು ಎತ್ತಿಹಿಡಿಯಿತು. ಖಾಸಗಿ ಕಂಪನಿಗಳು ಕರಾರಿನ ಬಲದಿಂದ ಅದನ್ನು ಕೇಳುವುದನ್ನು ರದ್ದುಗೊಳಿಸಿತು. ೨೦೧೯ರ ತಿದ್ದುಪಡಿಯು ವ್ಯಕ್ತಿಯು ತಾನಾಗಿ ಕೊಡುವ ಬಗೆಗೆ ಮತ್ತೆ ದಾರಿಮಾಡಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಅವರ ಹೆಸರು ಈಗ ಆ ಮೊಕದ್ದಮೆಯ ಹೆಸರಾಗಿ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳ ಬಾಯಲ್ಲಿದೆ.

ಅಳಿಸುವ ಹಕ್ಕಿನ ವಿಷಯದಲ್ಲಿಯೂ ಕರ್ನಾಟಕವು ಹಿಂದುಳಿಯಲಿಲ್ಲ. ೨೦೧೭ರ ಜನವರಿಯಲ್ಲಿ ಒಬ್ಬ ತಂದೆಯು, ಮುಗಿದುಹೋದ ಮೊಕದ್ದಮೆಯೊಂದರಲ್ಲಿದ್ದ ತನ್ನ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣಬಾರದೆಂದು ಹೈಕೋರ್ಟನ್ನು ಬೇಡಿದನು. ಹೆಣ್ಣುಮಕ್ಕಳ ಮಾನಕ್ಕೆ ಸಂಬಂಧಿಸಿದ ಸೂಕ್ಷ್ಮ ಪ್ರಸಂಗಗಳಲ್ಲಿ ಮರೆಯಲ್ಪಡುವ ಹಕ್ಕನ್ನು ಪಾಶ್ಚಾತ್ಯ ದೇಶಗಳು ಮನ್ನಿಸುತ್ತಿರುವುದನ್ನು ನೆನೆದು, ನ್ಯಾಯಾಲಯವು ಅವನ ಬೇಡಿಕೆಯನ್ನು ನಡೆಯಿಸಿಕೊಟ್ಟಿತು. ನ್ಯಾಯಾಲಯದ ದೃಢೀಕೃತ ಪ್ರತಿಯಲ್ಲಿ ಹೆಸರು ಉಳಿಯಿತು. ದಾರಿಹೋಕನ ಹುಡುಕಾಟಕ್ಕೆ ಮಾತ್ರ ಮರೆಯಾಯಿತು.

೨೦೨೩ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವು ಹುಟ್ಟಿತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯ ಉಪಬಂಧಗಳಿಗೆ ಹದಿನೆಂಟು ತಿಂಗಳ ಗಡುವನ್ನು ಇಟ್ಟರು. ಒಪ್ಪಿಗೆಯು ಬಲಾತ್ಕಾರವಿಲ್ಲದುದಾಗಿ, ನಿರ್ದಿಷ್ಟವಾಗಿ, ತಿಳಿದು ಕೊಟ್ಟುದಾಗಿ ಇರತಕ್ಕುದೆಂದೂ, ಕೆಲಸಕ್ಕೆ ಬೇಕಾದಷ್ಟು ವಿವರಕ್ಕೆ ಮಾತ್ರ ಸಲ್ಲತಕ್ಕುದೆಂದೂ ಶಾಸನವು ಹೇಳುತ್ತದೆ. ಅದು ಕೊಡುವ ದೃಷ್ಟಾಂತವು ಸೊಕ್ಕೆಯ ಆ ಯುವಕನಿಗಾಗಿಯೇ ಬರೆದಂತಿದೆ: ದೂರದಿಂದ ವೈದ್ಯಸಲಹೆ ಕೊಡುವ ಸಂಸ್ಥೆಯೊಂದು ರೋಗಿಯ ಫೋನಿನ ಹೆಸರುಗಳ ಪಟ್ಟಿಯನ್ನೂ ಕೇಳಿದರೆ, ಚಿಕಿತ್ಸೆಗೆ ಆ ಪಟ್ಟಿಯು ಬೇಕಿಲ್ಲವಾದುದರಿಂದ, ರೋಗಿಯು ಒಪ್ಪಿದರೂ ಆ ಒಪ್ಪಿಗೆ ಪಟ್ಟಿಗೆ ಸಲ್ಲದು. ಸಾಲದ ಕಂಪನಿಗಳು ಸಾಲಗಾರನ ಹೆಸರುಗಳ ಪಟ್ಟಿಯನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕು ೨೦೨೨ರಲ್ಲಿಯೇ ವಿಧಿಸಿದ್ದಿತು. ತನ್ನ ವಿವರವು ಏನಾಗುತ್ತಿದೆಯೆಂದು ಕೇಳುವ, ತಿದ್ದಿಸುವ, ಅಳಿಸುವ, ದೂರು ಕೊಡುವ ಹಕ್ಕುಗಳು ಶಾಸನದಲ್ಲಿವೆ. ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತೆಯೂ ಇರಬೇಕು. ಭದ್ರತೆಯಲ್ಲಿ ತಪ್ಪಿದವರಿಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವುಂಟು. ಇವೆಲ್ಲಕ್ಕಿಂತ ಹಿರಿದಾದ ಮಾತೆಂದರೆ, ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಲ್ಲಿ ಯಾವುದರಲ್ಲಿಯಾದರೂ ಈ ತಿಳಿವಳಿಕೆಯನ್ನು ಓದುವ ಅವಕಾಶವು ಪ್ರಜೆಗೆ ಇರತಕ್ಕುದು. ಕನ್ನಡವು ಅವುಗಳಲ್ಲಿ ಒಂದು.

ಶಾಸನದಲ್ಲಿ ಕೊರತೆಗಳೂ ಇವೆ. ಸರ್ಕಾರವು ಸಹಾಯಧನಕ್ಕೂ ಸವಲತ್ತಿಗೂ ವಿವರವನ್ನು ಬಳಸುವಾಗ ಹೊಸದಾಗಿ ಒಪ್ಪಿಗೆ ಕೇಳಬೇಕಾದುದಿಲ್ಲದ ಸಂದರ್ಭಗಳುಂಟು. ತನ್ನ ಅಂಗಸಂಸ್ಥೆಗಳನ್ನು ಶಾಸನದಿಂದ ಹೊರಗಿಡುವ ಅಧಿಕಾರವೂ ಕೇಂದ್ರ ಸರ್ಕಾರಕ್ಕೆ ಉಂಟು. ರೈತನ ಹೊಲ, ಬ್ಯಾಂಕಿನ ಖಾತೆ, ಆಧಾರ್ ಇವನ್ನು ಒಂದೆಡೆ ಹೆಣೆದ ‘ಫ್ರೂಟ್ಸ್’ ಸಂಖ್ಯೆಯಿಲ್ಲದೆ ಬೆಂಬಲಬೆಲೆಯ ಕೇಂದ್ರದಲ್ಲಿ ಅವನ ಮಾಲನ್ನು ಕೊಳ್ಳುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ, ಕೂಲಿಯಿಂದ ಗೆರೆ ಸವೆದ ಮುದುಕಿಯ ಬೆರಳನ್ನು ಯಂತ್ರವು ಗುರುತಿಸದೆ ಮತ್ತೆ ಮತ್ತೆ ಒತ್ತಿಸುವುದುಂಟು. ಅಲ್ಲಿ ‘ಒಲ್ಲೆ’ನೆನ್ನುವ ಸ್ವಾತಂತ್ರ್ಯಕ್ಕೆ ಅಕ್ಕಿಯೇ ಬೆಲೆ. ಮತ್ತೊಂದು ಕಡೆ, ೨೦೦೫ರ ಮಾಹಿತಿ ಹಕ್ಕಿನ ಶಾಸನವನ್ನು ಇದೇ ಶಾಸನವು ತಿದ್ದಿ, ವೈಯಕ್ತಿಕವೆಂಬ ಕಾರಣದಿಂದ ಮಾಹಿತಿಯನ್ನು ನಿರಾಕರಿಸುವ ಅವಕಾಶವನ್ನು ಹಿಗ್ಗಿಸಿತು. ಬಡವನ ಮನೆಗೆ ಹಾಕಬೇಕಾದ ಮರೆಯನ್ನು ಅಧಿಕಾರದ ಮೇಜಿಗೆ ಹೊದಿಸಿದಂತೆ ಆಗಬಾರದು.

ಸೊಕ್ಕೆಯ ಮೇಷ್ಟರು ಶಾಸನ ಪಂಡಿತರಲ್ಲ. ಫೋನನ್ನು ತಂದವರಿಗೆ ಅವರು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ ಹೇಳುತ್ತಾರೆ: ಏನನ್ನು ಕೇಳುತ್ತಾರೆ? ಏತಕ್ಕೆ ಕೇಳುತ್ತಾರೆ? ಕೊಡೆನೆಂದರೆ ಏನಾಗುತ್ತದೆ? ಮೂರನೆಯದಕ್ಕೆ ಅನೇಕ ವೇಳೆ ‘ಏನೂ ಆಗುವುದಿಲ್ಲ’ ಎಂಬುದೇ ಉತ್ತರವಾಗಿರುವುದನ್ನು ಕಂಡು ಜನರು ಬೆರಗಾಗುತ್ತಾರೆ. ಬೆಳಕು ಬೀರುವ ಸಾಮಾನ್ಯ ಸಾಧನವೊಂದು ಹೆಸರುಗಳ ಪಟ್ಟಿಯನ್ನು ಕೇಳಿದಾಗ, ‘‘ದೀಪ ಹಚ್ಚಾಕೆ ನಮ್ಮ ಬೀಗರ ಹೆಸರು ಯಾಕ್ ಬೇಕ್ರಿ?’’ ಎಂದು ಒಬ್ಬಾಕೆ ತಾನಾಗಿಯೇ ಕೇಳಿದಳು. ಆ ಕೇಳ್ವಿಯಲ್ಲಿ ಶಾಸನದ ಸಾರವೆಲ್ಲ ಇದ್ದಿತು.

ಜಿಲ್ಲೆಯ ವಿದ್ಯಾವಂತ ಕುಟುಂಬಗಳು ಮಾಡಬಹುದಾದ ಕೆಲಸವೊಂದು ಇಲ್ಲಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರನ್ನು ಹೊತ್ತಿವೆ. ವಾರಕ್ಕೆ ಒಂದು ಸಂಜೆ, ಓದಬಲ್ಲವರೊಬ್ಬರು ಅಲ್ಲಿ ಕುಳಿತು, ಬಂದವರ ಫೋನಿನ ನಿಬಂಧನೆಗಳನ್ನು ಓದಿ ತಿಳಿಗನ್ನಡದಲ್ಲಿ ಹೇಳಿದರೆ ಸಾಕು. ಮನೆಯ ಮಕ್ಕಳು ಅಜ್ಜಅಜ್ಜಿಯರಿಗೆ ಫೋನನ್ನು ಒತ್ತುವ ಬಗೆಯನ್ನು ಕಲಿಸುತ್ತಿದ್ದಾರೆ. ಒತ್ತದಿರುವ ಬಗೆಯನ್ನೂ ಕಲಿಸಲಿ. ಕಂಪನಿಗಳು ಮುಂದೆ ಕನ್ನಡದಲ್ಲಿ ತಿಳಿವಳಿಕೆಯನ್ನು ಕೊಟ್ಟಾಗ ಅದು ಬಾಯಿಗೆ ಬಾರದ ಗಡಚು ಕನ್ನಡವಾಗಿದ್ದರೆ, ಹಾಗೆಂದು ಬರೆದು ತಿಳಿಸುವವರೂ ಬೇಕು. ಶಾಸನದ ಗಡುವು ತುಂಬುವ ದಿನಕ್ಕಾಗಿ ಇದು ಕಾಯಬೇಕಾದುದಿಲ್ಲ. ಈ ವಾರದ ಸಂಜೆಯಿಂದಲೇ ತೊಡಗಬಹುದು.